ಸೊನ್ನೆಗೆ ಹೊಂದಿಸಿದ ಲೆಕ್ಕ: ದ್ಯುತಿತಂತುವಿನ ‘ಡಿಸ್ಪರ್ಷನ್’ ಪ್ರಾಜೆಕ್ಟ್‌ಗಳ ಒಂದು ವಿಮರ್ಶೆ

2021ರ ಜೂನ್ ತಿಂಗಳ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪ ರಸ್ತೆ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿ, ಅವಳಿಗೆ ಕೊಡೆ ಹಿಡಿದು ನಿಂತ ತಂದೆ – ಈ ಚಿತ್ರವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಆ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಎಷ್ಟೋ ಮಕ್ಕಳು ‘ನೆಟ್‌ವರ್ಕ್’ ಹುಡುಕಿಕೊಂಡು ಗುಡ್ಡ ಹತ್ತಿದರು. ಊರಿಗೆ ಸಂಪರ್ಕ ಇಲ್ಲದಿರುವುದು ಬರೀ ಅನಾನುಕೂಲವಲ್ಲ, ಅದು ಕಲಿಕೆಯನ್ನೇ ಕಸಿಯಬಲ್ಲದು ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳ ಹಾಗೂ ಅವುಗಳಿಂದ ಹುಟ್ಟುವ ಸಣ್ಣ ಪ್ರಬಂಧಗಳ ಪೀಠಿಕೆ ಅನೇಕ ವೇಳೆ ಇಂಥ ಹಳ್ಳಿಗಳಿಂದಲೇ ಆರಂಭವಾಗುತ್ತದೆ. ಅದರ ಸಾರ ಇಷ್ಟು: ಹಳ್ಳಿಗೂ ವೇಗದ ಅಂತರಜಾಲ ಬೇಕು, ಅದಕ್ಕೆ ದ್ಯುತಿತಂತು, ಅಂದರೆ ಆಪ್ಟಿಕಲ್ ಫೈಬರ್ ಬೇಕು, ಅದರ ದೊಡ್ಡ ತೊಡಕು ಡಿಸ್ಪರ್ಷನ್, ಆದ್ದರಿಂದ ಡಿಸ್ಪರ್ಷನ್ ಪರಿಹಾರವನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದ್ದೇವೆ. ಹೀಗೆ ಹೊರಟ ವರದಿಯ ಕೊನೆಯಲ್ಲಿ ಒಂದು ಸುಂದರವಾದ ಚಿತ್ರ, ಕೆಲವು ಕೋಷ್ಟಕ, ‘ಹೆಚ್ಚು ಸಾಮರ್ಥ್ಯದ ಸಂವಹನಕ್ಕೆ ಈ ವಿಧಾನ ಉತ್ತಮ’ ಎಂಬ ತೀರ್ಮಾನ ಇರುತ್ತವೆ.

ಈ ಲೇಖನ ಅಂಥ ಕೆಲಸದ ವಿಮರ್ಶೆ. ಯಾವುದೋ ಒಂದು ಕಾಲೇಜಿನ ಅಥವಾ ಒಬ್ಬ ವಿದ್ಯಾರ್ಥಿಯ ವರದಿಯ ಬಗ್ಗೆ ಇಲ್ಲಿ ಮಾತಿಲ್ಲ. ಮತ್ತೆ ಮತ್ತೆ ಬರುತ್ತಿರುವ ಒಂದು ಮಾದರಿಯ ಬಗ್ಗೆ ಮಾತ್ರ ಮಾತು. ಆ ಮಾದರಿಯಲ್ಲಿ ಭೌತವಿಜ್ಞಾನ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ಆದರೆ ಅದರ ಪ್ರಶ್ನೆ ಹಳೆಯದು, ಉತ್ತರ ಮೊದಲೇ ಗೊತ್ತಿರುವಂಥದು, ಮತ್ತು ಪೀಠಿಕೆಯ ಹಳ್ಳಿಗೂ ಒಳಗಿನ ಲೆಕ್ಕಕ್ಕೂ ಸಂಬಂಧವಿಲ್ಲ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಒಂದು ಪದದ ಗೊಂದಲ

ಮೊದಲು ಡಿಸ್ಪರ್ಷನ್ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪಿಯುಸಿ ಭೌತವಿಜ್ಞಾನದಲ್ಲಿ ದ್ಯುತಿತಂತು ಬರುವುದು ಸಂಪೂರ್ಣ ಆಂತರಿಕ ಪ್ರತಿಫಲನದ ಒಂದು ಉದಾಹರಣೆಯಾಗಿ. ಗಾಜಿನ ತಿರುಳು, ಅದರ ಸುತ್ತ ಕಡಿಮೆ ವಕ್ರೀಭವನಾಂಕದ ಹೊದಿಕೆ, ಒಳಗೆ ಅಂಕುಡೊಂಕಾಗಿ ಪುಟಿಯುವ ಕಿರಣ – ಚಿತ್ರ ಅಲ್ಲಿಗೆ ಮುಗಿಯುತ್ತದೆ. ಸಂವಹನ ವ್ಯವಸ್ಥೆಗಳ ಬಗ್ಗೆ ಇದ್ದ ಅಧ್ಯಾಯವನ್ನೂ ಎನ್‌ಸಿಇಆರ್‌ಟಿ ಪಠ್ಯದ ಇತ್ತೀಚಿನ ಪರಿಷ್ಕರಣೆಯಲ್ಲಿ ಕೈಬಿಡಲಾಗಿದೆ. ಬೆಳಕು ತಂತುವಿನೊಳಗೆ ಉಳಿಯುತ್ತದೆ ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ; ಅದು ಸಂದೇಶವನ್ನು ಹೇಗೆ ಹೊರುತ್ತದೆ, ಎಲ್ಲಿ ಕೆಡಿಸುತ್ತದೆ ಎಂಬುದು ತಿಳಿಯುವುದಿಲ್ಲ.

ಇದರ ಮೇಲೆ ಕನ್ನಡದ ಒಂದು ತೊಡಕೂ ಸೇರಿಕೊಂಡಿದೆ. ಆಕಾಶ ನೀಲಿಯಾಗಿ ಕಾಣುವುದಕ್ಕೆ ಕಾರಣವಾದ ಬೆಳಕಿನ ಚದುರುವಿಕೆಯನ್ನೂ, ಪಟ್ಟಕದಲ್ಲಿ ಕಾಣುವ ವರ್ಣವಿಭಜನೆಯನ್ನೂ ವಿದ್ಯಾರ್ಥಿಗಳು ‘ಚದುರಿಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ತಂತುವಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ರೋಗಗಳು. ಗಾಜಿನೊಳಗಿನ ಚದುರುವಿಕೆಯಿಂದ ಬೆಳಕು ಪಕ್ಕಕ್ಕೆ ಸೋರಿ ನಷ್ಟವಾಗುತ್ತದೆ, ಸಂಕೇತ ಕ್ಷೀಣಿಸುತ್ತದೆ. ಡಿಸ್ಪರ್ಷನ್‌ನಲ್ಲಿ ಬೆಳಕು ಎಳ್ಳಷ್ಟೂ ನಷ್ಟವಾಗುವುದಿಲ್ಲ. ಹೊತ್ತು ಮಾತ್ರ ಕೆಡುತ್ತದೆ. ಕ್ಷೀಣಿಸಿದ್ದನ್ನು ವರ್ಧಕದಿಂದ ಹೆಚ್ಚಿಸಬಹುದು. ಹೊತ್ತು ಕೆಟ್ಟದ್ದನ್ನು ಎಷ್ಟು ವರ್ಧಿಸಿದರೂ ಸರಿಹೋಗದು. ಈ ಗೊಂದಲ ತಪ್ಪಿಸಲೆಂದೇ ಇಲ್ಲಿ ಡಿಸ್ಪರ್ಷನ್ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ರಸ್ತೆಯನ್ನು ನೆನೆಯಿರಿ. ಹತ್ತು ನಿಮಿಷಕ್ಕೊಮ್ಮೆ ಒಂದು ತಂಡ ವಾಹನಗಳನ್ನು ಸುಳ್ಯದಿಂದ ಬಿಡುತ್ತೇವೆ ಎಂದಿಟ್ಟುಕೊಳ್ಳೋಣ. ಪ್ರತಿ ತಂಡದಲ್ಲೂ ಕಾರು, ಬಸ್ಸು, ಲಾರಿ ಇವೆ. ಏರು ದಾರಿಯಲ್ಲಿ ಕಾರು ಮುಂದೆ ಹೋಗುತ್ತದೆ, ಲಾರಿ ಹಿಂದೆ ಬೀಳುತ್ತದೆ. ಮಡಿಕೇರಿ ತಲಪುವಾಗ ಎರಡನೆಯ ತಂಡದ ಕಾರು ಮೊದಲ ತಂಡದ ಲಾರಿಯನ್ನು ದಾಟಿರುತ್ತದೆ. ಒಂದು ವಾಹನವೂ ಕಳೆದುಹೋಗಿಲ್ಲ. ಆದರೆ ಮಡಿಕೇರಿಯಲ್ಲಿ ನಿಂತು ಬರೀ ವಾಹನ ಎಣಿಸುವವನಿಗೆ ಯಾವುದು ಯಾವ ತಂಡದ್ದೆಂದು ತಿಳಿಯುವುದಿಲ್ಲ. ತಂತುವಿನಲ್ಲಿ ತಂಡ ಎಂದರೆ ಬೆಳಕಿನ ಒಂದು ಸ್ಪಂದ. ಅದರಲ್ಲಿ ಇರುವುದು ಒಂದೇ ತರಂಗದೂರವಲ್ಲ, ಒಂದು ಸಣ್ಣ ಪಟ್ಟಿ. ಗಾಜಿನ ವಕ್ರೀಭವನಾಂಕ ತರಂಗದೂರದೊಂದಿಗೆ ಬದಲಾಗುವುದರಿಂದಲೂ, ತಿರುಳಿನ ಗಾತ್ರ ಮತ್ತು ರಚನೆಯಿಂದಲೂ ಆ ಪಟ್ಟಿಯ ಒಂದೊಂದು ಭಾಗದ ವೇಗ ಒಂದೊಂದು. ಹೀಗೆ ಸ್ಪಂದ ಅಗಲವಾಗಿ ಪಕ್ಕದ ಸ್ಪಂದದ ಮೇಲೆ ಬೀಳುತ್ತದೆ.

ಅಳತೆಗಳನ್ನು ನೋಡೋಣ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಜಿ.652 ಮಾದರಿಯ ಏಕವಿಧ ತಂತುವಿನಲ್ಲಿ 1310 ನ್ಯಾನೊಮೀಟರ್ ಸುಮಾರಿಗೆ ಡಿಸ್ಪರ್ಷನ್ ಸೊನ್ನೆ. ನಷ್ಟ ಅತಿ ಕಡಿಮೆಯಿರುವ 1550 ನ್ಯಾನೊಮೀಟರಿನಲ್ಲಿ ಅದು ಸುಮಾರು 17. ಅಂದರೆ 1 ನ್ಯಾನೊಮೀಟರ್ ಅಂತರವಿರುವ ಎರಡು ಬೆಳಕುಗಳು 1 ಕಿ.ಮೀ. ದಾರಿಯಲ್ಲಿ 17 ಪಿಕೊಸೆಕೆಂಡುಗಳಷ್ಟು ಹಿಂದೆ ಮುಂದಾಗುತ್ತವೆ. ಸೆಕೆಂಡಿಗೆ 10 ಗಿಗಾಬಿಟ್ ಕಳುಹಿಸುವಾಗ ಒಂದು ಬಿಟ್‌ಗೆ ಸಿಗುವ ಹೊತ್ತು 100 ಪಿಕೊಸೆಕೆಂಡ್. ಸಂಕೇತದ ಪಟ್ಟಿಯ ಅಗಲ ಸುಮಾರು 0.08 ನ್ಯಾನೊಮೀಟರ್. 80 ಕಿ.ಮೀ. ಹೋಗುವಷ್ಟರಲ್ಲಿ ಹರಡಿಕೆ 17 × 80 × 0.08, ಅಂದರೆ ಸುಮಾರು 109 ಪಿಕೊಸೆಕೆಂಡ್ ಆಗುತ್ತದೆ. ಒಂದು ಬಿಟ್ ಪೂರ್ತಿಯಾಗಿ ಪಕ್ಕದ ಬಿಟ್‌ನ ಜಾಗಕ್ಕೆ ಹಬ್ಬಿತು.

ವೇಗ ನಾಲ್ಕು ಪಟ್ಟಾದರೆ ಪಟ್ಟಿಯ ಅಗಲವೂ ನಾಲ್ಕು ಪಟ್ಟು, ಬಿಟ್‌ನ ಹೊತ್ತೋ ನಾಲ್ಕನೆಯ ಒಂದು. ಆದ್ದರಿಂದ ಕ್ರಮಿಸಬಹುದಾದ ದೂರ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ. ಪರಿಹಾರವಿಲ್ಲದೆ, 1 ಡೆಸಿಬೆಲ್‌ನಷ್ಟು ಮಾತ್ರ ದಂಡ ತೆತ್ತು ಹೋಗಬಹುದಾದ ದೂರ 2.5 ಗಿಗಾಬಿಟ್‌ಗೆ ಸುಮಾರು 940 ಕಿ.ಮೀ., 10 ಗಿಗಾಬಿಟ್‌ಗೆ ಸುಮಾರು 59 ಕಿ.ಮೀ., 40 ಗಿಗಾಬಿಟ್‌ಗೆ ಸುಮಾರು 4 ಕಿ.ಮೀ. ವೇಗದ ವರ್ಗಕ್ಕೆ ತಕ್ಕಂತೆ ಬಿಗಿಯಾಗುವ ಈ ಮಿತಿಯೇ ಡಿಸ್ಪರ್ಷನ್‌ಗೆ ಇಷ್ಟು ಮಹತ್ವ ಬರಲು ಕಾರಣ. ಎರ್ಬಿಯಂ ವರ್ಧಕಗಳು 1987ರಲ್ಲಿ ಬಂದು ನಷ್ಟದ ತೊಡಕನ್ನು ನೀಗಿಸಿದ ಮೇಲೆ ಉಳಿದ ದೊಡ್ಡ ಅಡ್ಡಿ ಇದೇ ಆಗಿತ್ತು.

ಮೊದಲೇ ಗೊತ್ತಿದ್ದ ಉತ್ತರ

ಈಗ ವರದಿಗಳಿಗೆ ಬರೋಣ. ಆಪ್ಟಿಸಿಸ್ಟಮ್‌ನಂಥ ಒಂದು ತಂತ್ರಾಂಶದಲ್ಲಿ ಲೇಸರ್, ಮಾಡ್ಯುಲೇಟರ್, ತಂತು, ವರ್ಧಕ, ದ್ಯುತಿ ಡಯೋಡ್ ಇವುಗಳ ಚಿತ್ರಗಳನ್ನು ಎಳೆದು ಜೋಡಿಸುತ್ತಾರೆ. ವೇಗ 10 ಗಿಗಾಬಿಟ್. ಸಾಮಾನ್ಯ ತಂತು 120 ಕಿ.ಮೀ., ಡಿಸ್ಪರ್ಷನ್ 17. ಅದರ ಜೊತೆ ಪರಿಹಾರಕ್ಕಾಗಿ ವಿಶೇಷವಾಗಿ ತಯಾರಿಸಿದ ತಂತು – ಇದನ್ನು ಡಿಸಿಎಫ್ ಎನ್ನುತ್ತಾರೆ – 24 ಕಿ.ಮೀ., ಡಿಸ್ಪರ್ಷನ್ ಋಣ 85. ಈ ಡಿಸಿಎಫ್ ಸಾಮಾನ್ಯ ತಂತುವಿನ ಮುಂದೆ ಇದ್ದರೆ ಹೇಗೆ, ಹಿಂದೆ ಇದ್ದರೆ ಹೇಗೆ, ಎರಡೂ ಕಡೆ ಹಂಚಿದರೆ ಹೇಗೆ ಎಂದು ಮೂರು ಬಗೆ ಮಾಡಿ ‘ಕ್ಯು’ ಎಂಬ ಗುಣಾಂಕವನ್ನು ಹೋಲಿಸುತ್ತಾರೆ.

120ನ್ನು 17ರಿಂದ ಗುಣಿಸಿ: 2040. 24ನ್ನು 85ರಿಂದ ಗುಣಿಸಿ: 2040. ಒಂದು ಧನ, ಇನ್ನೊಂದು ಋಣ. ಮೊತ್ತ ಸೊನ್ನೆ. ಅಂದರೆ ಕಂಪ್ಯೂಟರ್ ಚಾಲೂ ಮಾಡುವ ಮೊದಲೇ ಉತ್ತರವನ್ನು ಅಂಕಿಗಳಲ್ಲಿ ಇಟ್ಟಾಗಿದೆ. ‘ಡಿಸಿಎಫ್ ಹಾಕಿದಾಗ ಸಂಕೇತ ಸುಧಾರಿಸಿತು’ ಎಂಬುದು ಇಲ್ಲಿ ಫಲಿತಾಂಶವಲ್ಲ, ಅದು ದತ್ತ. ತಕ್ಕಡಿಯ ಎರಡೂ ತಟ್ಟೆಗೆ ಒಂದೊಂದು ಕಿಲೋ ಅಡಿಕೆ ಹಾಕಿ, ಮುಳ್ಳು ನಡುವೆ ನಿಂತಿತೆಂದು ಬರೆದ ಹಾಗೆ.

ನಿಜವಾದ ಮಾರ್ಗದಲ್ಲಿ ಅಂಕಿಗಳು ಹೀಗೆ ಹೊಂದಿಕೊಂಡು ಬರುವುದಿಲ್ಲ. ತಂತುವಿನ ಡಿಸ್ಪರ್ಷನ್ ಸರಿಯಾಗಿ 17 ಇರುವುದಿಲ್ಲ, ತಯಾರಿಕೆಯ ತಂಡಕ್ಕೊಂದರಂತೆ ತುಸು ಬೇರೆ ಇರುತ್ತದೆ. ಕೇಬಲಿನ ಉದ್ದ ರಸ್ತೆಯ ಉದ್ದಕ್ಕಿಂತ ಹೆಚ್ಚು. ಡಿಸಿಎಫ್ ಸಿಗುವುದು ನಿಗದಿತ ಅಳತೆಯ ಸುರುಳಿಗಳಲ್ಲಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಪರಿಹಾರದಿಂದ ಲಾಭವಿದೆಯೇ’ ಎಂಬುದಲ್ಲ. ‘ಎಷ್ಟು ಉಳಿಕೆಯನ್ನು ಸಹಿಸಬಹುದು, ತಪ್ಪು ಅಂದಾಜಿನಿಂದ ಎಷ್ಟು ಕೆಡುತ್ತದೆ’ ಎಂಬುದು. ನಾನು ಓದಿದ ಈ ಬಗೆಯ ವರದಿಗಳಲ್ಲಿ ಈ ಪ್ರಶ್ನೆ ಅಪರೂಪ.

ಡಿಸಿಎಫ್‌ನ ಬೆಲೆಯನ್ನೂ ವರದಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಲೆ ಎಂದರೆ ರೂಪಾಯಿ ಮಾತ್ರವಲ್ಲ. ಈ 24 ಕಿ.ಮೀ. ತಂತು ನಮ್ಮನ್ನು ಒಂದು ಮೀಟರ್ ಕೂಡ ಮುಂದಕ್ಕೆ ಒಯ್ಯುವುದಿಲ್ಲ. ವಿನಿಮಯ ಕೇಂದ್ರದ ಪೆಟ್ಟಿಗೆಯಲ್ಲಿ ಸುರುಳಿಯಾಗಿ ಕುಳಿತಿರುತ್ತದೆ. ಕಿ.ಮೀ.ಗೆ 0.5 ಡೆಸಿಬೆಲ್‌ನಂತೆ 12 ಡೆಸಿಬೆಲ್ ನುಂಗುತ್ತದೆ. ಅದನ್ನು ತುಂಬಲು ಇನ್ನೊಂದು ವರ್ಧಕ ಬೇಕು, ವರ್ಧಕ ತನ್ನ ಗದ್ದಲವನ್ನು ಸೇರಿಸುತ್ತದೆ. ಡಿಸಿಎಫ್‌ನ ತಿರುಳು ಕಿರಿದು, ಆದ್ದರಿಂದ ಒಳಗೆ ಬೆಳಕಿನ ಸಾಂದ್ರತೆ ಹೆಚ್ಚು. ಅರೇಖೀಯ ತೊಡಕುಗಳು ಬೇಗ ಶುರುವಾಗುತ್ತವೆ. ಇದೇ ಗುಣವನ್ನು ಎಂಜಿನಿಯರುಗಳು ಜಾಣತನದಿಂದ ಬಳಸಿಕೊಂಡದ್ದೂ ಇದೆ. ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವನ್ನು ಆಧರಿಸಿದ ರಾಮನ್ ವರ್ಧಕಕ್ಕೆ ಡಿಸಿಎಫ್ ಒಳ್ಳೆಯ ಮಾಧ್ಯಮ. ನಷ್ಟ ಮಾಡುವ ಸುರುಳಿಯಲ್ಲೇ ವರ್ಧನೆಯನ್ನೂ ಮಾಡಬಹುದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಸೊಗಸಾದ ವಿಷಯ ಸಿಗದು. ಆದರೆ ಸೊನ್ನೆಗೆ ಹೊಂದಿಸಿದ ಲೆಕ್ಕದಲ್ಲಿ ಅದಕ್ಕೆ ಎಡೆಯಿಲ್ಲ.

ಒಂದೇ ಬಣ್ಣದ ‘ಹೆಚ್ಚು ಸಾಮರ್ಥ್ಯ’

ಶೀರ್ಷಿಕೆಯಲ್ಲಿ ‘ಹೆಚ್ಚು ಸಾಮರ್ಥ್ಯ’ ಎಂದಿರುತ್ತದೆ. ಒಳಗೆ ಒಂದೇ ತರಂಗದೂರ, ಒಂದೇ ಚಾನೆಲ್. ತಂತುವಿನ ಸಾಮರ್ಥ್ಯ ಹೆಚ್ಚಿದ್ದು ಹಲವು ತರಂಗದೂರಗಳನ್ನು ಒಟ್ಟಿಗೆ ಕಳುಹಿಸುವ ಡಬ್ಲ್ಯುಡಿಎಂ ಪದ್ಧತಿಯಿಂದ. ಅಲ್ಲಿ ಹೊಸ ತೊಡಕು ಹುಟ್ಟುತ್ತದೆ. ಡಿಸ್ಪರ್ಷನ್ 17 ಎಂಬುದು 1550ರಲ್ಲಿ ಮಾತ್ರ. 15 ನ್ಯಾನೊಮೀಟರ್ ಆಚೆ ಹೋದರೆ ಅದು ಸುಮಾರು 0.87ರಷ್ಟು ಬದಲಾಗುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಎಂದಿಟ್ಟುಕೊಳ್ಳಿ. ನಡುವಿನ ಚಾನೆಲ್‌ಗೆ ಡಿಸಿಎಫ್ ಸರಿಯಾಗಿ ಹೊಂದಿಸಿದರೂ, ಅದು ಈ ಏರಿಳಿತವನ್ನೂ ಸರಿದೂಗಿಸದಿದ್ದರೆ ಅಂಚಿನ ಚಾನೆಲ್‌ನಲ್ಲಿ ನ್ಯಾನೊಮೀಟರಿಗೆ ಸುಮಾರು 305 ಪಿಕೊಸೆಕೆಂಡ್ ಉಳಿದುಬಿಡುತ್ತದೆ. 10 ಗಿಗಾಬಿಟ್‌ಗೆ ಸುಮಾರು 1000ದವರೆಗೆ ಸಹನೆ ಇರುವುದರಿಂದ ಚಿಂತೆಯಿಲ್ಲ. 40 ಗಿಗಾಬಿಟ್‌ನ ಸಹನೆ ಸುಮಾರು 62. ಅಂಚಿನ ಚಾನೆಲ್ ಸತ್ತಂತೆಯೇ. ಒಂದೇ ಚಾನೆಲ್ ಇಟ್ಟುಕೊಂಡು ಮಾಡಿದ ಪ್ರಯೋಗಕ್ಕೆ ಈ ತೊಡಕು ಎದುರಾಗುವುದೇ ಇಲ್ಲ.

ಇನ್ನೂ ಮುಖ್ಯವಾದ ಒಂದು ಮಾತಿದೆ. ಡಿಸ್ಪರ್ಷನ್ ಶತ್ರು, ಅದನ್ನು ಸೊನ್ನೆ ಮಾಡಿದಷ್ಟೂ ಒಳ್ಳೆಯದು ಎಂಬ ಭಾವನೆ ಈ ವರದಿಗಳ ತಳದಲ್ಲಿದೆ. ಇತಿಹಾಸ ಬೇರೆಯೇ ಹೇಳುತ್ತದೆ. 1550ರಲ್ಲೇ ಡಿಸ್ಪರ್ಷನ್ ಸೊನ್ನೆಯಾಗುವಂತೆ ಮಾಡಿದ ಜಿ.653 ತಂತುವನ್ನು ಜಪಾನಿನಲ್ಲಿ ವ್ಯಾಪಕವಾಗಿ ಹಾಕಲಾಗಿತ್ತು. ಆಮೇಲೆ ಡಬ್ಲ್ಯುಡಿಎಂ ಬಂತು. ಡಿಸ್ಪರ್ಷನ್ ಇಲ್ಲದ ತಂತುವಿನಲ್ಲಿ ಬೇರೆ ಬೇರೆ ಚಾನೆಲ್‌ಗಳು ಹೆಜ್ಜೆ ತಪ್ಪದೆ ಒಟ್ಟಿಗೆ ಸಾಗುತ್ತವೆ. ಗಾಜಿನ ಅರೇಖೀಯ ಗುಣದಿಂದಾಗಿ ಅವು ಪರಸ್ಪರ ಬೆರೆತು ಹೊಸ ಆವೃತ್ತಿಗಳನ್ನು ಹುಟ್ಟಿಸುತ್ತವೆ. ‘ನಾಲ್ಕು ಅಲೆಗಳ ಬೆರಕೆ’ ಎಂಬ ಈ ಪರಿಣಾಮದ ಹೊಸ ಆವೃತ್ತಿಗಳು ಇತರ ಚಾನೆಲ್‌ಗಳ ಮೇಲೇ ಹೋಗಿ ಬೀಳುತ್ತವೆ. ಕೊನೆಗೆ 1990ರ ದಶಕದಲ್ಲಿ ಬೇಕೆಂದೇ ಸ್ವಲ್ಪ ಡಿಸ್ಪರ್ಷನ್ ಉಳಿಸಿದ ಜಿ.655 ತಂತುವನ್ನು ತರಬೇಕಾಯಿತು. ರೋಗ ಎಂದುಕೊಂಡದ್ದು ಇನ್ನೊಂದು ರೋಗಕ್ಕೆ ತಡೆಯಾಗಿತ್ತು.

ಬಿಟ್ಟುಹೋದ ಹದಿನೈದು ವರ್ಷ

ಈ ಮಾದರಿಯ ದೊಡ್ಡ ಕೊರತೆ ಇದಲ್ಲ. ಅದು 2008ರ ಸುಮಾರಿಗೆ ಗಡಿಯಾರ ನಿಲ್ಲಿಸಿಬಿಟ್ಟಿದೆ.

ಘಾಟಿಯ ಉದಾಹರಣೆಗೆ ಮರಳೋಣ. ಮಡಿಕೇರಿಯಲ್ಲಿ ನಿಂತವನು ಬರೀ ಎಣಿಸುವ ಬದಲು ಪ್ರತಿ ವಾಹನ ಕಾರೋ ಲಾರಿಯೋ ಎಂದೂ, ಬಂದ ಹೊತ್ತನ್ನೂ ಬರೆದುಕೊಂಡರೆ? ಕಾರಿಗೆ ಎಷ್ಟು ಹೊತ್ತು ಬೇಕು, ಲಾರಿಗೆ ಎಷ್ಟು ಎಂಬುದು ಗೊತ್ತೇ ಇದೆ. ಕಾಗದದ ಮೇಲೆ ಕಳೆದರೆ ಯಾವುದು ಯಾವ ತಂಡದ್ದೆಂದು ತಿಳಿಯುತ್ತದೆ. ರಸ್ತೆಯನ್ನು ಬದಲಾಯಿಸಬೇಕಿಲ್ಲ.

ಸಾಮಾನ್ಯ ದ್ಯುತಿ ಡಯೋಡ್ ಬರೀ ಎಣಿಸುವವನ ಹಾಗೆ. ಅದು ಬೆಳಕಿನ ತೀವ್ರತೆಯನ್ನಷ್ಟೇ ಅಳೆಯುತ್ತದೆ. ಅಲೆಯ ಪ್ರಾವಸ್ಥೆ ಅಲ್ಲೇ ಕಳೆದುಹೋಗುತ್ತದೆ. ಡಿಸ್ಪರ್ಷನ್ ಮಾಡುವ ಕೇಡು ಇರುವುದೆಲ್ಲ ಪ್ರಾವಸ್ಥೆಯಲ್ಲಿ. ಆದ್ದರಿಂದ ಡಯೋಡ್‌ನ ಆಚೆ ಗಣಿತದಿಂದ ಅದನ್ನು ಪೂರ್ತಿ ಸರಿಪಡಿಸಲಾಗದು. ಡಯೋಡ್‌ನ ಈಚೆಯೇ ಡಿಸಿಎಫ್‌ನಿಂದ ಸರಿಪಡಿಸಬೇಕಾಗಿತ್ತು. ಕೊಹಿರೆಂಟ್ ಗ್ರಾಹಕದಲ್ಲಿ ಹಾಗಲ್ಲ. ಬಂದ ಬೆಳಕನ್ನು ಅಲ್ಲೇ ಇರುವ ಇನ್ನೊಂದು ಲೇಸರಿನ ಬೆಳಕಿನೊಂದಿಗೆ ಬೆರೆಸಿ ಅಲೆಯ ಪಾರವನ್ನೂ ಪ್ರಾವಸ್ಥೆಯನ್ನೂ, ಎರಡೂ ಧ್ರುವೀಕರಣಗಳಲ್ಲಿ ಅಳೆಯುತ್ತಾರೆ. ಹೀಗೆ ಪೂರ್ಣ ಮಾಹಿತಿ ಸಿಕ್ಕ ಮೇಲೆ ಡಿಸ್ಪರ್ಷನ್ ಒಂದು ಗೊತ್ತಿರುವ ಗುಣಾಕಾರ. ವಿರುದ್ಧ ಗುಣಾಕಾರವನ್ನು ಚಿಪ್‌ನೊಳಗೆ ಮಾಡಿದರೆ ಮುಗಿಯಿತು. ಇಂಥ 40 ಗಿಗಾಬಿಟ್ ವ್ಯವಸ್ಥೆಗಳು 2008ರಲ್ಲಿ ಮಾರುಕಟ್ಟೆಗೆ ಬಂದವು, 2010ರ ಸುಮಾರಿಗೆ 100 ಗಿಗಾಬಿಟ್‌ನವು. ಅಲ್ಲಿಂದ ಮುಂದೆ ಹೊಸ ದೂರಮಾರ್ಗಗಳಲ್ಲಿ ಡಿಸಿಎಫ್ ಹಾಕುವುದನ್ನೇ ಬಿಡತೊಡಗಿದರು. ಡಿಸಿಎಫ್ ಇಲ್ಲದಿದ್ದರೆ ಸ್ಪಂದಗಳು ಬೇಗ ಹರಡಿ ಅರೇಖೀಯ ತೊಡಕೂ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು ಲಾಭ.

2020ರಲ್ಲಿ ಪ್ರಕಟವಾದ 400ಜೆಡ್‌ಆರ್ ಎಂಬ ಮಾನಕವನ್ನು ನೋಡಿ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಮಾಡ್ಯೂಲ್, ಸೆಕೆಂಡಿಗೆ 400 ಗಿಗಾಬಿಟ್, ವರ್ಧಕಗಳಿರುವ ಮಾರ್ಗದಲ್ಲಿ 120 ಕಿ.ಮೀ. ವರೆಗೆ. ಅದು ಸಹಿಸಬೇಕಾದ ಡಿಸ್ಪರ್ಷನ್ ನ್ಯಾನೊಮೀಟರಿಗೆ 2400 ಪಿಕೊಸೆಕೆಂಡ್. ನಮ್ಮ ವರದಿಯ 120 ಕಿ.ಮೀ.ಯ ಮೊತ್ತ 2040. ಅಂದರೆ ವಿದ್ಯಾರ್ಥಿ 24 ಕಿ.ಮೀ. ಡಿಸಿಎಫ್ ಹಾಕಿ 10 ಗಿಗಾಬಿಟ್ ದಾಟಿಸಿದ ಅದೇ ದೂರವನ್ನು ಈ ಮಾಡ್ಯೂಲ್ ಒಂದು ಮೀಟರ್ ಡಿಸಿಎಫ್ ಇಲ್ಲದೆ ನಲವತ್ತು ಪಟ್ಟು ವೇಗದಲ್ಲಿ ದಾಟುತ್ತದೆ. ಇದನ್ನು ಉಲ್ಲೇಖಿಸದೆ ‘ಭವಿಷ್ಯದ ಜಾಲಗಳಿಗೆ ಡಿಸಿಎಫ್ ಅತ್ಯುತ್ತಮ’ ಎಂದು ಬರೆಯುವುದು ವಿದ್ಯಾರ್ಥಿಗೇ ಮಾಡುವ ಅನ್ಯಾಯ. ಕೆಲಸದ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಅವನು ತಡವರಿಸಬೇಕಾಗುತ್ತದೆ.

ಡಿಸಿಎಫ್ ಕಲಿಯುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಹಾಕಿದ ಹಳೆಯ 10 ಗಿಗಾಬಿಟ್ ಮಾರ್ಗಗಳು ನೆಲದಲ್ಲಿವೆ; ಅವುಗಳ ಮೇಲೆ ಹೊಸ ಕೊಹಿರೆಂಟ್ ಚಾನೆಲ್ ಓಡಿಸುವಾಗ ಬರುವ ತೊಡಕು ಒಳ್ಳೆಯ ಅಧ್ಯಯನ ವಿಷಯ. ಕೊಹಿರೆಂಟ್ ಗ್ರಾಹಕ ದುಬಾರಿಯಾಗುವ ಕಡೆ, ನೇರ ಡಯೋಡ್‌ನ ಸಣ್ಣ ಮಾರ್ಗಗಳಲ್ಲಿ, ಪ್ರಶ್ನೆ ಇನ್ನೂ ಜೀವಂತ. ಕಲಿಯಬೇಕಾದದ್ದು ಯಾವ ಔಷಧಿ ಯಾವ ರೋಗಿಗೆ ಎಂಬ ವಿವೇಚನೆಯನ್ನು.

ಪೀಠಿಕೆಯ ಹಳ್ಳಿ ಎಲ್ಲಿ?

ಈಗ ಗುತ್ತಿಗಾರಿನ ರಸ್ತೆ ಬದಿಗೆ ಮರಳೋಣ. ಆ ವಿದ್ಯಾರ್ಥಿನಿಗೆ ಪಾಠ ತಲಪದಿದ್ದುದು ಡಿಸ್ಪರ್ಷನ್‌ನಿಂದಲೇ?

ಪಂಚಾಯತಿಗಳಿಗೆ ತಂತು ಒಯ್ಯುವ ಯೋಜನೆ 2011ರಲ್ಲಿ ಮಂಜೂರಾಗಿ, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಅದರ ಮೊದಲ ಹಂತದಲ್ಲಿ ಬಳಸಿದ್ದು ಜಿಪಾನ್ ತಂತ್ರಜ್ಞಾನ: ಕೇಂದ್ರದಿಂದ ಪಂಚಾಯತಿಯ ಕಡೆಗೆ 1490 ನ್ಯಾನೊಮೀಟರಿನಲ್ಲಿ ಸುಮಾರು 2.5 ಗಿಗಾಬಿಟ್, ಹಿಂದಕ್ಕೆ 1310ರಲ್ಲಿ ಸುಮಾರು 1.25 ಗಿಗಾಬಿಟ್, ದೂರ ಸಾಮಾನ್ಯವಾಗಿ 20 ಕಿ.ಮೀ. ಒಳಗೆ. 1490ರಲ್ಲಿ ಡಿಸ್ಪರ್ಷನ್ ಸುಮಾರು 14 ಎಂದು ಹಿಡಿದರೆ 20 ಕಿ.ಮೀ.ಗೆ ಮೊತ್ತ 280. 2.5 ಗಿಗಾಬಿಟ್‌ನ ಸಹನೆ ಸುಮಾರು 16,000. ನೂರರಲ್ಲಿ ಎರಡು ಪಾಲೂ ಇಲ್ಲ! ಹಿಂದಕ್ಕೆ ಬರುವ 1310ರಲ್ಲಂತೂ ಡಿಸ್ಪರ್ಷನ್ ಸೊನ್ನೆಯ ಸಮೀಪ. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಸೇರಿಸಿಕೊಂಡು ರೂಪುಗೊಂಡ ಹೊಸ ತಾಲ್ಲೂಕು ಕಡಬದ ಯಾವ ಪಂಚಾಯತಿಯನ್ನು ತೆಗೆದುಕೊಂಡರೂ ಲೆಕ್ಕ ಇಷ್ಟೇ.

ಇಲ್ಲಿ ಸಂಪರ್ಕ ಕೆಡುವುದು ಬೇರೆ ಕಾರಣಗಳಿಂದ. ರಸ್ತೆ ಅಗಲ ಮಾಡುವಾಗ ಯಂತ್ರ ಕೇಬಲನ್ನು ಕಡಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಮರ ಬಿದ್ದು ತಂತಿ ತುಂಡಾಗುತ್ತದೆ, ಗುಡ್ಡ ಜರಿಯುತ್ತದೆ. ವಿದ್ಯುತ್ ಹೋದರೆ, ಬ್ಯಾಟರಿ ಸತ್ತರೆ ಗೋಪುರ ಮೌನವಾಗುತ್ತದೆ. ಗುಡ್ಡದ ಮರೆಗೆ ರೇಡಿಯೊ ಸಂಕೇತ ತಲಪುವುದಿಲ್ಲ. 2023ರಲ್ಲಿ ಮಂಜೂರಾದ ತಿದ್ದುಪಡಿ ಭಾರತ್‌ನೆಟ್ ಯೋಜನೆಯಲ್ಲಿ ಕೇಂದ್ರ ಮತ್ತು ಪಂಚಾಯತಿಗಳನ್ನು ಉಂಗುರದಂತೆ ಜೋಡಿಸುವುದಕ್ಕೆ ಒತ್ತು ಕೊಟ್ಟಿರುವುದು ಇದೇ ಕಾರಣಕ್ಕೆ: ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಕೇತ ಬರಲಿ ಎಂದು. ಪೀಠಿಕೆಯಲ್ಲಿ ಹಳ್ಳಿಯ ಕಷ್ಟ ಹೇಳಿ, ಒಳಗೆ ಅದಕ್ಕೆ ಸಂಬಂಧವಿಲ್ಲದ ಪರಿಹಾರ ಕೊಡುವ ವರದಿ ಆ ಕಷ್ಟದ ಹೆಸರನ್ನು ಬಳಸಿಕೊಂಡಿದೆ, ಅಷ್ಟೆ.

ಡಿಸ್ಪರ್ಷನ್ ನಮ್ಮ ತಾಲ್ಲೂಕುಗಳಿಗೆ ಸಂಬಂಧಿಸಿದ್ದೇ ಅಲ್ಲವೆಂದೂ ತಿಳಿಯಬೇಡಿ. ಪಂಚಾಯತಿಯಿಂದ ಹೊರಟ ಮಾಹಿತಿ ಕೊನೆಗೆ ದೂರಮಾರ್ಗ ಹಿಡಿಯಲೇಬೇಕು. ಅಲ್ಲಿ ಅದರ ಲೆಕ್ಕ ಬೇಕು.

ಹಾಗಾದರೆ ಏನು ಮಾಡಬೇಕು?

ಪುತ್ತೂರು, ಸುಳ್ಯ ಎರಡು ಕಡೆಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. 100 ಕಿ.ಮೀ. ತಂತು, ಕೊಹಿರೆಂಟ್ ಗ್ರಾಹಕ ಇಟ್ಟುಕೊಳ್ಳುವುದು ಯಾವ ಸಣ್ಣ ಊರಿನ ಕಾಲೇಜಿಗೂ ಸುಲಭವಲ್ಲ. ವಿದ್ಯಾರ್ಥಿಗಳಿಗೆ ಕಂಪ್ಯೂಟರೇ ಪ್ರಯೋಗಾಲಯ, ಅದರಲ್ಲಿ ತಪ್ಪಿಲ್ಲ. ಚಿತ್ರ ಎಳೆದು ಜೋಡಿಸುವ ಶ್ರಮ, ಅಂಕಿಗಳನ್ನು ತಾಳ್ಮೆಯಿಂದ ಕೋಷ್ಟಕಕ್ಕೆ ಇಳಿಸುವ ಶಿಸ್ತು ಈ ವರದಿಗಳಲ್ಲಿ ಇದೆ, ಅದು ಮೆಚ್ಚಬೇಕಾದ್ದೇ. ಆ ಶ್ರಮಕ್ಕೆ ತಕ್ಕ ಪ್ರಶ್ನೆ ಕೊಡುವುದು ನಮ್ಮ, ಅಂದರೆ ಶಿಕ್ಷಕರ ಹೊಣೆ. ಮೂರು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ನಮ್ಮೂರಿನ ದೂರಗಳಿಂದ ಲೆಕ್ಕ. ಮಂಗಳೂರಿನಿಂದ ಪುತ್ತೂರಿಗೆ ಸುಮಾರು 52 ಕಿ.ಮೀ., ಸುಳ್ಯಕ್ಕೆ ಸುಮಾರು 86. 1550 ನ್ಯಾನೊಮೀಟರಿನಲ್ಲಿ 10 ಗಿಗಾಬಿಟ್ ನೇರ ಡಯೋಡ್‌ಗೆ ಕಳುಹಿಸಿದರೆ ಮೊತ್ತ ಕ್ರಮವಾಗಿ 884 ಮತ್ತು 1462. 1000ದ ಮಿತಿಯಲ್ಲಿ ಪುತ್ತೂರು ಪಾಸು, ಸುಳ್ಯ ನಪಾಸು. ಆದರೆ ಮಾರುಕಟ್ಟೆಯ 80 ಕಿ.ಮೀ. ಮಾಡ್ಯೂಲ್‌ಗಳು ಹೆಚ್ಚು ದಂಡ ತೆತ್ತು 1600ರವರೆಗೂ ಸಹಿಸುತ್ತವೆ. ಹಾಗಾದರೆ ಸುಳ್ಯವೂ ಪಾಸೇ? ಕೇಬಲ್ ರಸ್ತೆಗಿಂತ ನೂರಕ್ಕೆ ಹತ್ತರಷ್ಟು ಉದ್ದವಾಗಿದ್ದರೆ? ಆಗ ಮೊತ್ತ 1608. ನಷ್ಟದ ಲೆಕ್ಕವೂ ಸೇರಿದರೆ? ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಗುಣಾಕಾರ ಇದು. ಇಲ್ಲಿ ಉತ್ತರ ಮೊದಲೇ ಗೊತ್ತಿಲ್ಲ, ವಾದಕ್ಕೆ ಎಡೆಯಿದೆ. ಒಳ್ಳೆಯ ಪ್ರಶ್ನೆಯ ಲಕ್ಷಣ ಅದೇ.

ಎರಡನೆಯದು, ತಂತ್ರಾಂಶದ ಪೆಟ್ಟಿಗೆಗಳ ಬದಲು ಸ್ವಂತ ಪ್ರೋಗ್ರಾಮ್. ಪೈಥಾನ್ ಅಥವಾ ಸೈಲ್ಯಾಬ್‌ನಲ್ಲಿ ಕೆಲವೇ ಸಾಲು ಸಾಕು. ಒಂದು ಗಾಸಿಯನ್ ಸ್ಪಂದ ತೆಗೆದುಕೊಂಡು ಫೂರಿಯೇ ಪರಿವರ್ತನೆ ಮಾಡಿ, ಆವೃತ್ತಿಯ ವರ್ಗಕ್ಕೆ ಅನುಗುಣವಾದ ಪ್ರಾವಸ್ಥೆಯಿಂದ ಗುಣಿಸಿ, ಮರಳಿ ಪರಿವರ್ತಿಸಿದರೆ ತಂತುವಿನ ಆಚೆಯ ಸ್ಪಂದ ಸಿಗುತ್ತದೆ. ಪರೀಕ್ಷೆಗೆ ಅಂಕಿಗಳು: ಅರ್ಧ ಎತ್ತರದಲ್ಲಿ 50 ಪಿಕೊಸೆಕೆಂಡ್ ಅಗಲದ ಸ್ಪಂದ ಸುಮಾರು 41 ಕಿ.ಮೀ.ಯಲ್ಲಿ 71 ಆಗಬೇಕು. 25ರ ಸ್ಪಂದ ಸುಮಾರು 10 ಕಿ.ಮೀ.ಯಲ್ಲೇ 35 ಆಗಬೇಕು. ಈಗ ಸಂಕೇತವನ್ನು ಹಾಗೆಯೇ ಇಟ್ಟುಕೊಂಡು ವಿರುದ್ಧ ಪ್ರಾವಸ್ಥೆಯಿಂದ ಗುಣಿಸಿ: ಮೂಲ ಸ್ಪಂದ ಮರಳಿ ಬರುತ್ತದೆ. ಇನ್ನೊಮ್ಮೆ ಮೊದಲು ತೀವ್ರತೆಯನ್ನು ಮಾತ್ರ ತೆಗೆದುಕೊಂಡು, ಆಮೇಲೆ ಅದೇ ಗುಣಾಕಾರ ಮಾಡಿ: ಬರುವುದಿಲ್ಲ. ಡಿಸಿಎಫ್ ಏಕೆ ಬೇಕಾಗಿತ್ತು, ಈಗ ಏಕೆ ಬೇಡವಾಗುತ್ತಿದೆ ಎಂಬ ಇಡೀ ಕಥೆ ಈ ಎರಡು ಚಿತ್ರಗಳಲ್ಲಿದೆ.

ಮೂರನೆಯದು, ಊರಿನ ಜಾಲದ ದಿನಚರಿ. ಈ ತಾಲ್ಲೂಕುಗಳ ಹಲವು ಕೃಷಿಕರು ದಶಕಗಳಿಂದ ತಮ್ಮ ತೋಟದ ಮಳೆಯನ್ನು ದಿನದಿನವೂ ಅಳೆದು ಬರೆದಿಡುತ್ತಿದ್ದಾರೆ. ರೈತರೇ ತಮ್ಮ ಅನುಭವ ಬರೆಯುವ ‘ಅಡಿಕೆ ಪತ್ರಿಕೆ’ ಹೊರಟದ್ದೂ ಪುತ್ತೂರಿನಿಂದಲೇ, 1988ರಲ್ಲಿ. ಅದೇ ಶಿಸ್ತನ್ನು ಇಲ್ಲಿಗೂ ತರಬಹುದು. ಕಾಲೇಜಿನ ಅಥವಾ ಪಂಚಾಯತಿಯ ಸಂಪರ್ಕ ಯಾವ ದಿನ, ಎಷ್ಟು ಗಂಟೆ ನಿಂತಿತು; ಕಾರಣ ಕೇಬಲ್ ಕಡಿದದ್ದೇ, ವಿದ್ಯುತ್ತೇ, ಉಪಕರಣವೇ; ಆ ದಿನ ಮಳೆ ಎಷ್ಟು – ಒಂದು ಮಳೆಗಾಲ ಬರೆದಿಟ್ಟರೆ, ಪೀಠಿಕೆಯಲ್ಲಿ ಹಳ್ಳಿಯ ಹೆಸರು ಹೇಳುವ ಹಕ್ಕು ಆ ವರದಿಗೆ ಬರುತ್ತದೆ.

1966ರಲ್ಲಿ ಚಾರ್ಲ್ಸ್ ಕಾವೊ ಗಾಜಿನ ತಂತುವಿನಲ್ಲಿ ದೂರಸಂವಹನ ಸಾಧ್ಯ ಎಂದು ತೋರಿಸಿದಾಗ ಆಗಿನ ಗಾಜಿನಲ್ಲಿ ನಷ್ಟ ಅಪಾರವಾಗಿತ್ತು. ನಷ್ಟಕ್ಕೆ ಮುಖ್ಯ ಕಾರಣ ಗಾಜಿನ ಸ್ವಭಾವವಲ್ಲ, ಅದರೊಳಗಿನ ಕಲ್ಮಶ ಎಂದು ಗುರುತಿಸಿದ್ದು ಅವರ ದೊಡ್ಡತನ. ಅದಕ್ಕೇ 2009ರಲ್ಲಿ ಅವರಿಗೆ ನೊಬೆಲ್ ಬಂದದ್ದು. ಪರಿಹಾರಕ್ಕೆ ಮೊದಲು ರೋಗ ಯಾವುದೆಂದು ಕೇಳುವುದನ್ನು ಅವರ ಕೆಲಸ ಕಲಿಸುತ್ತದೆ. ಮುಂದಿನ ವರ್ಷ ‘ಡಿಸ್ಪರ್ಷನ್ ಪರಿಹಾರ’ ಎಂಬ ಶೀರ್ಷಿಕೆ ಹಿಡಿದು ಬರುವ ವಿದ್ಯಾರ್ಥಿಯನ್ನು ಶಿಕ್ಷಕರು ಕೇಳಬೇಕಾದದ್ದೂ ಅದನ್ನೇ: ಯಾವ ಮಾರ್ಗ, ಎಷ್ಟು ದೂರ, ಎಷ್ಟು ವೇಗ, ಮತ್ತು ಅಲ್ಲಿ ನಿಜವಾಗಿ ಕೆಟ್ಟಿರುವುದು ಏನು?